ಶಂಖಪುಷ್ಪದ ಹೊರೆ

ಐವತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ನನ್ನನ್ನು ಯಲಹಂಕದ ಪಕ್ಕದ ಒಂದು ಹಳ್ಳಿಗೆ ಮದುವೆ ಮಾಡಿ ಕೊಟ್ಟರು. ನನ್ನ ತವರು ದಾಸರಹಳ್ಳಿ ಕಡೆ. ಅಲ್ಲಿ ನಮಗಿದ್ದದ್ದು ರಾಗಿ ಹೊಲ, ಎರಡು ಎಮ್ಮೆ, ಹೆಂಚಿನ ಮನೆ. ಗಂಡನ ಮನೆಯವರಿಗೆ ದ್ರಾಕ್ಷಿ ತೋಟವಿತ್ತು. ಕಲ್ಲುಕಂಬ ನೆಟ್ಟು, ತಂತಿ ಎಳೆದು ಹಬ್ಬಿಸಿದ ದೊಡ್ಡ ಚಪ್ಪರ. ಅಪ್ಪ ಸಿಕ್ಕಿದವರಿಗೆಲ್ಲ "ಮಗಳನ್ನ ದ್ರಾಕ್ಷಿ ತೋಟಕ್ಕೆ ಕೊಟ್ಟಿದ್ದೀನಿ" ಎನ್ನುತ್ತಿದ್ದ. ಇಂಥವನಿಗೆ ಕೊಟ್ಟಿದ್ದೀನಿ ಎಂದು ಒಮ್ಮೆಯೂ ಹೇಳಿದ್ದು ನನಗೆ ನೆನಪಿಲ್ಲ. ಹಬ್ಬಕ್ಕೆ ತವರಿಗೆ ಹೋದರೆ ಅಕ್ಕಪಕ್ಕದ ಹೆಂಗಸರು ನನಗೆ ಚಾಪೆ ಹಾಸಿ ಕೂರಿಸುತ್ತಿದ್ದರು. ನನಗೂ ಆ ಚಾಪೆ ಹಿತವಾಗಿಯೇ ಇತ್ತು.

ಗಂಡನ ಮನೆಯಲ್ಲಿ ಯಜಮಾನಿಕೆ ಭಾವನದು. ಮಾವ ತೀರಿಕೊಂಡ ಮೇಲೆ ತೋಟ, ಹೊಲ, ಆಳುಕಾಳು ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅತ್ತೆ ಗಟ್ಟಿ ಹೆಂಗಸು. ಮಾತು ಕಡಿಮೆ, ಆಡಿದರೆ ಒರಟು. ನಮ್ಮನೆಯವರು ಕಿರಿಯ ಮಗ. ಮಿಡಲ್ ಸ್ಕೂಲು ಓದಿದ್ದರು, ಪೇಪರು ಕೈಗೆ ಸಿಕ್ಕರೆ ಕಡೆಯ ಸಾಲಿನವರೆಗೂ ಓದುತ್ತಿದ್ದರು. ಹೆಬ್ಬಾಳದ ಸರ್ಕಾರಿ ಫಾರಮ್ಮಿನಲ್ಲಿ ರೈತರಿಗೆ ತರಬೇತಿ ಕೊಡುತ್ತಾರೆಂದು ಗ್ರಾಮಸೇವಕ ಬಂದು ಹೇಳಿದಾಗ ಊರಿನಿಂದ ಹೋದವರು ಅವರೊಬ್ಬರೇ.

ಅಲ್ಲಿಂದ ಬರುವಾಗ ಟವೆಲ್ಲಿನ ಚುಂಗಿನಲ್ಲಿ ಬೀಜ ಕಟ್ಟಿಕೊಂಡು ಬಂದರು. ಜಗಲಿಯ ಮೇಲೆ ಬಿಚ್ಚಿ ತೋರಿಸಿದಾಗ ಅತ್ತೆ ಬೆರಳಲ್ಲಿ ಕೆದಕಿ ನೋಡಿದರು.

"ಇದು ಶಂಖಪುಷ್ಪದ ಬೀಜ ಅಲ್ವೇನೋ?"

"ಹೂಂ ಕಣವ್ವ. ಮೇವಿಗೆ ಭಾಳ ಒಳ್ಳೇದಂತೆ. ಭೂಮಿಗೂ ಒಳ್ಳೇದಂತೆ."

ಭಾವ ಎಲೆಅಡಿಕೆ ಉಗಿದು ಬಂದು ನಕ್ಕರು. "ಬೇಲಿ ಮ್ಯಾಲಿರೋ ಬಳ್ಳಿ ಬೀಜ ತರಾಕೆ ಎಬ್ಬಾಳಕ್ಕೆ ಓಗಿದ್ದೇನ್ಲಾ? ನಮ್ ಬಚ್ಚಲ ಇಂದ್ಗಡೆನೇ ಐತಲ್ಲೋ!"

ಎಲ್ಲರೂ ನಕ್ಕರು. ಬಾಗಿಲ ಹಿಂದೆ ನಿಂತಿದ್ದ ನನಗೂ ನಗು ಬಂತು. ದೇವರಿಗೆ ಏರಿಸುವ ನೀಲಿ ಹೂವಿನ ಬಳ್ಳಿ ಅದು. ಅದನ್ನು ಹೊಲದಲ್ಲಿ ಬಿತ್ತುತ್ತಾರೆಂದು ನಾನು ಕೇಳಿಯೇ ಇರಲಿಲ್ಲ. ನಮ್ಮನೆಯವರು ಬೇಸರ ಮಾಡಿಕೊಳ್ಳಲಿಲ್ಲ. ದ್ರಾಕ್ಷಿ ಸಾಲುಗಳ ನಡುವೆ ಸುಮ್ಮನೆ ಬಿದ್ದಿರುವ ಜಾಗದಲ್ಲಿ ಹಾಕುತ್ತೇನೆ, ಮೊಳಕಾಲೆತ್ತರ ಬಂದಾಗೆಲ್ಲ ಕೊಯ್ದು ದನಕ್ಕೆ ಹಾಕಿದರಾಯಿತು, ದ್ರಾಕ್ಷಿಗೆ ಗೊಬ್ಬರವೂ ಉಳಿಯುತ್ತೆ ಎಂದು ಅಣ್ಣನ ಹಿಂದೆ ತಿರುಗಿ ತಿರುಗಿ ಒಪ್ಪಿಸಿದರು. ಅರ್ಧ ತೋಟಕ್ಕೆ ಭಾವ ಹೂಂ ಎಂದರು.

ಮೊದಲ ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ಬಳ್ಳಿ ನಿಧಾನಕ್ಕೆ ಹುಟ್ಟಿ, ಮಳೆ ಹಿಡಿದ ಮೇಲೆ ಒಂದರ ಮೇಲೊಂದು ಹೆಣೆದುಕೊಂಡು ನೆಲ ಮುಚ್ಚಿತು. ಇವರು ಕುಡುಗೋಲು ಹಿಡಿದು ತಾವೇ ಕೊಯ್ಯುತ್ತಿದ್ದರು. ಹಸುಗಳು ಒಣಹುಲ್ಲನ್ನು ಮೂತಿಯಿಂದ ಸರಿಸಿ ಇದಕ್ಕೆ ಬಾಯಿ ಹಾಕುತ್ತಿದ್ದವು. ಒಂದು ಸಂಜೆ ನಾನು ಬುತ್ತಿಯ ಪಾತ್ರೆ ತರಲು ತೋಟಕ್ಕೆ ಹೋದಾಗ ಇವರು ಒಂದು ಗಿಡ ಕಿತ್ತು, ಬೇರಿನ ಮಣ್ಣು ಒದರಿ ನನ್ನ ಅಂಗೈ ಮೇಲಿಟ್ಟರು. ಬೇರಿನುದ್ದಕ್ಕೂ ಸಾಸಿವೆಗಿಂತ ಸ್ವಲ್ಪ ದಪ್ಪನೆಯ ಗಂಟುಗಳಿದ್ದವು. ಒಂದನ್ನು ಉಗುರಲ್ಲಿ ಒಡೆದು ತೋರಿಸಿದರು, ಒಳಗೆ ತಿಳಿಗೆಂಪು.

"ಗಾಳೀಲಿರೋ ಸಾರಾನ ಈ ಗಂಟು ಹಿಡ್ಕೊಳ್ತದೆ. ಆಮೇಲೆ ಅದು ಮಣ್ಣಿಗೆ ಸೇರ್ತದೆ" ಎಂದರು. ತುಂಬಿದ ಮನೆಯಲ್ಲಿ ಗಂಡಹೆಂಡತಿ ಹಗಲಲ್ಲಿ ನಾಲ್ಕು ಮಾತಾಡುವುದೇ ಅಪರೂಪವಾಗಿತ್ತು. ಆ ನಾಲ್ಕು ಮಾತನ್ನು ಇವರು ಬೇರಿನ ಗಂಟಿನ ಬಗ್ಗೆ ಆಡಿದರು. ನನಗೆ ಅದೇ ಸಂತೋಷವಾಯಿತು.

ಮರುವರ್ಷ ಮುಂಗಾರು ಹಿಡಿಯುವ ಹೊತ್ತಿಗೆ ಇವರಿಗೆ ಜ್ವರ ಬಂತು. ಎರಡು ದಿನದ್ದು ಅಂದುಕೊಂಡೆವು, ಅದು ವಿಷಮಶೀತ ಜ್ವರವಾಯಿತು. ಯಲಹಂಕದ ಡಾಕ್ಟರು ಗಂಜಿನೀರು ಬಿಟ್ಟು ಬೇರೇನೂ ಕೊಡಬೇಡಿ ಎಂದರು. ಆಳುಗಳೆಲ್ಲ ರಾಗಿ ಬಿತ್ತನೆಗೆ ಹೋದರು, ಆಮೇಲೆ ಕಳೆಗೆ. ಭಾವನಿಗೆ ಉಸಿರಾಡಲು ಪುರುಸೊತ್ತಿಲ್ಲ. ಅಕ್ಕ ಬಸುರಿ, ಕೂತರೆ ಏಳಲಾಗದ ತಿಂಗಳು. ನಾನು ಇವರ ಹಾಸಿಗೆ ಬಿಟ್ಟು ಅಲುಗಲಿಲ್ಲ. ಜ್ವರದ ಕಣ್ಣು ತೆರೆದು ಇವರು ಕೇಳುತ್ತಿದ್ದುದು ಒಂದೇ ಮಾತು.

"ಬಳ್ಳಿ ಕೊಯ್ದ್ರಾ?"

ಅತ್ತೆ ಒದ್ದೆ ಬಟ್ಟೆಯನ್ನು ಹಣೆಗೆ ಒತ್ತಿ, "ಕೊಯ್ದವ್ರೆ, ನೀನು ಮಲ್ಕೋ" ಎನ್ನುತ್ತಿದ್ದರು.

ಯಾರೂ ಕೊಯ್ದಿರಲಿಲ್ಲ. ಹೂವಿನ ಬಳ್ಳಿ ತಾನೇ ಎಂದು ಯಾರ ತಲೆಗೂ ಅದು ಹೋಗಿರಲಿಲ್ಲ. ಬಳ್ಳಿ ಮಾತ್ರ ಕಂಬ ಹಿಡಿದು, ತಂತಿ ಹಿಡಿದು, ದ್ರಾಕ್ಷಿಯ ಕೊಂಬೆಗಳನ್ನೇ ಏಣಿ ಮಾಡಿಕೊಂಡು ಚಪ್ಪರದ ಮೇಲೆ ಹತ್ತಿ ಹರಡಿಕೊಂಡಿತ್ತು.

ಶ್ರಾವಣದಲ್ಲಿ ದ್ರಾಕ್ಷಿ ವ್ಯಾಪಾರಿ ಬಂದ. ಪ್ರತಿ ವರ್ಷ ಬೆಳೆ ಬಳ್ಳಿಯ ಮೇಲಿರುವಾಗಲೇ ಇಡೀ ತೋಟವನ್ನು ಗುತ್ತಿಗೆ ಹಿಡಿಯುತ್ತಿದ್ದವನು. ನಾನು ಮಜ್ಜಿಗೆಯ ಚೊಂಬು ಹಿಡಿದು ಅತ್ತೆಯ ಜೊತೆ ತೋಟಕ್ಕೆ ಹೋಗಿದ್ದೆ. ಚಪ್ಪರದ ಅರ್ಧ ಭಾಗ ನೀಲಿಯಾಗಿತ್ತು. ನೋಡಲು ಎಷ್ಟು ಚೆನ್ನಾಗಿತ್ತೆಂದರೆ, ನನಗೆ ಒಂದು ಗಳಿಗೆ ಏನಾಗಿದೆ ಎಂದೇ ಹೊಳೆಯಲಿಲ್ಲ. ವ್ಯಾಪಾರಿ ಬಗ್ಗಿ ಚಪ್ಪರದ ಕೆಳಗೆ ಹೋದ. ಬಿಸಿಲು ಕಾಣದ ಗೊಂಚಲುಗಳಲ್ಲಿ ಅರ್ಧ ಹಣ್ಣು ಹಸಿರಾಗಿಯೇ ಉಳಿದಿತ್ತು, ಅರ್ಧಕ್ಕೆ ಬೂಷ್ಟು ಹಿಡಿದಿತ್ತು. ಒಂದು ಗೊಂಚಲು ಮುಟ್ಟಿದರೆ ಪೊತಪೊತ ಉದುರಿತು.

"ದ್ರಾಕ್ಷಿ ತೋಟ ಅಂತ ಬಂದ್ರೆ ಹೂವಿನ ತೋಟ ಮಾಡಿದ್ದೀರಲ್ಲ ಯಜಮಾನ್ರೇ. ಯಾರ್ ಕೆಲ್ಸ ಇದು?" ಎಂದ.

ಭಾವ ನನ್ನ ಕಡೆ ನೋಡಲಿಲ್ಲ. ತಮ್ಮನ ಹೆಸರು ಎತ್ತಲಿಲ್ಲ. "ನಾನೇ ಗ್ಯಾನ ತಪ್ದೆ" ಎಂದರು. ಅವರು ಬೈದಿದ್ದರೆ ನಾನು ಒಳಗೊಳಗೇ ಸಿಟ್ಟು ಮಾಡಿಕೊಂಡು ಹಗುರಾಗುತ್ತಿದ್ದೆನೇನೋ. ಆ ಮಾತು ಕೇಳಿ ನನ್ನ ಕಿವಿ ಬಿಸಿಯಾಯಿತು. ಮಜ್ಜಿಗೆಯ ಚೊಂಬನ್ನು ಕಲ್ಲಿನ ಮೇಲಿಟ್ಟು ತಲೆ ತಗ್ಗಿಸಿಕೊಂಡು ನಿಂತೆ. ವ್ಯಾಪಾರಿ ಚೆನ್ನಾಗಿದ್ದ ಅರ್ಧವನ್ನು ಮಾತ್ರ ಹಿಡಿದು, ಮಜ್ಜಿಗೆ ಕುಡಿಯದೆ ಹೋದ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಬಾವಿಕಟ್ಟೆಯಲ್ಲಿ ಒಬ್ಬಳು ನನ್ನ ಕೊಡದ ಪಕ್ಕ ತನ್ನ ಕೊಡ ಇಟ್ಟು, "ಏನಮ್ಮ, ನಿನ್ನ ಗಂಡ ದ್ರಾಕ್ಷಿ ಬಳ್ಳಿಗೆ ಊವ ಮುಡಿಸವ್ನಂತೆ? ಒಸಗೆ ಯಾವಾಗ?" ಎಂದಳು. ಹಗ್ಗ ಹಿಡಿದಿದ್ದವರೆಲ್ಲ ನಕ್ಕರು. ಆಮೇಲೆ ನಾನು ಎಲ್ಲರೂ ನೀರು ಸೇದಿ ಹೋದ ಮೇಲೆ ಬಾವಿಗೆ ಹೋಗತೊಡಗಿದೆ.

ಮನೆಯಲ್ಲಿ ಭಾವ ಹೇಳಿದ್ದು ಇಷ್ಟೇ. "ಆ ದರಿದ್ರಾನ ಕಿತ್ತು ತಿಪ್ಪೆಗೆ ಆಕಿ."

ಅತ್ತೆ ಒಪ್ಪಲಿಲ್ಲ. "ಬಾಯಿಲ್ಲದ ಪಶು ತಿನ್ನೋದನ್ನ ತಿಪ್ಪೆಗೆ ಆಕ್ತಾರೇನೋ? ನಮ್ ಕೊಟ್ಗೆಗೆ ಎಚ್ಚಾದ್ರೆ ಎಸ್ವಂತಪುರಕ್ಕೆ ಓಯ್ಲಿ. ಜಟಕಾ ಸ್ಟಾಂಡ್‌ನಾಗೆ ಅಸಿಮೇವು ತಗೊಳ್ಳೋರು ಅವ್ರೆ."

"ನಾನು ಸೊಪ್ಪು ಮಾರಾಕೆ ಕುಂತ್ಕೊಳ್ಳಕಿಲ್ಲ."

"ನೀನ್ ಬ್ಯಾಡ ಬಿಡು. ನಾನ್ ಓಗ್ತೀನಿ. ಅಮ್ಮಣ್ಣಿ ಬತ್ತಾಳೆ ಜತೆಗೆ."

ಅಮ್ಮಣ್ಣಿ ಎಂದರೆ ನಾನು. ನನ್ನನ್ನು ಯಾರೂ ಕೇಳಲಿಲ್ಲ. ಅಷ್ಟು ಹೊತ್ತಿಗೆ ಇವರ ಜ್ವರ ಇಳಿದು, ಗೋಡೆ ಹಿಡಿದು ಬಚ್ಚಲಿಗೆ ಹೋಗುವಷ್ಟಾಗಿದ್ದರು. ವಿಷಯ ತಿಳಿದು ಗೋಡೆ ಕಡೆ ತಿರುಗಿ ಮಲಗಿದರು. ನಾನು ಹೊರಡುವಾಗ, "ನೀನ್ಯಾಕೆ ಹೋಗ್ಬೇಕು" ಎಂದರು. ನಾನು ಸೆರಗು ಸಿಕ್ಕಿಸಿಕೊಂಡು ಅತ್ತೆಯ ಹಿಂದೆ ಹೋದೆ.

ಬಳ್ಳಿಯನ್ನು ದ್ರಾಕ್ಷಿಯ ಕೊಂಬೆ ಮುರಿಯದಂತೆ ಬಿಡಿಸುವುದು ಸುಲಭವಿರಲಿಲ್ಲ. ಎಳೆದರೆ ಬರದು. ಒಂದೊಂದು ಸುತ್ತನ್ನೂ ಬಿಚ್ಚಿ ಕೊಯ್ಯಬೇಕು. ಅತ್ತೆ ಮತ್ತು ನಾನು ಸಂಜೆ ಕೊಯ್ದು ಕಟ್ಟು ಕಟ್ಟಿ ನೀರು ಚಿಮುಕಿಸಿ ಇಡುತ್ತಿದ್ದೆವು. ಕೋಳಿ ಕೂಗುವ ಹೊತ್ತಿಗೆ ಗಾಡಿಗೆ ಹೇರಿ, ಗಾಡಿ ಹೊಡೆಯುವ ಮುದುಕನ ಹಿಂದೆ ಕಟ್ಟುಗಳ ನಡುವೆ ಕೂತು ಹೊರಡುತ್ತಿದ್ದೆವು. ನಾನು ಹಳೆಯ ಸೀರೆ ಉಟ್ಟು ಸೆರಗನ್ನು ಹಣೆಯವರೆಗೆ ಎಳೆದುಕೊಳ್ಳುತ್ತಿದ್ದೆ. ಗಾಡಿ ಜಾಲಹಳ್ಳಿ ದಾಟಿದ ಮೇಲೆ ಕಟ್ಟುಗಳ ಮರೆಗೆ ಇನ್ನಷ್ಟು ಸರಿದು ಕೂರುತ್ತಿದ್ದೆ. ಅಲ್ಲಿಂದ ಮುಂದೆ ನನ್ನ ತವರಿನ ಕಡೆಯವರು ಓಡಾಡುವ ದಾರಿ.

ಯಶವಂತಪುರದಲ್ಲಿ ರೈಲ್ವೆ ಸ್ಟೇಷನ್ನಿನ ಹೊರಗೆ ಜಟಕಾಗಳು ನಿಲ್ಲುತ್ತಿದ್ದ ಕಡೆ ಗೋಣಿ ಹಾಸಿ ಕೂತೆವು. ಅತ್ತೆಗೆ ಸಂಕೋಚವೆಂಬುದೇ ಇರಲಿಲ್ಲ. "ಅಸೀ ಮೇವು, ಎಳೇ ಮೇವು" ಎಂದು ಕೂಗುತ್ತಿದ್ದರು. ಮನೆಯಲ್ಲಿ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕಟ್ಟಿನ ತುಂಬ ನೀಲಿ ಹೂವು ನೋಡಿ ಜಟಕಾದವನೊಬ್ಬ ಹತ್ತಿರ ಬಂದ.

"ಏನಮ್ಮ, ಪೂಜೆ ಹೂವನ್ನ ಕುದುರೆಗೆ ಹಾಕೋದಾ?"

"ನನ್ನ್ಯಾಕ್ ಕೇಳ್ತೀಯ? ನಿನ್ ಕುದುರೇನ ಕೇಳಪ್ಪ" ಎಂದರು ಅತ್ತೆ.

ಕುದುರೆ ಆಗಲೇ ಕತ್ತು ಚಾಚಿ ಒಂದು ಕಟ್ಟನ್ನು ಹಲ್ಲಲ್ಲಿ ಎಳೆಯುತ್ತಿತ್ತು. ನಿಂತಿದ್ದವರೆಲ್ಲ ನಕ್ಕರು. ಆ ದಿನ ಗಾಡಿ ಖಾಲಿಯಾಯಿತು. ಮುಂದಿನ ಸಲ ಹೋದಾಗ ಜಟಕಾದವರೇ ಕಾದಿದ್ದರು. ನಾನು ಕಟ್ಟು ಎತ್ತಿ ಕೊಡುವುದು, ಹುರಿ ಬಿಗಿಯುವುದು ಮಾಡುತ್ತಿದ್ದೆ. ಯಾರಾದರೂ ನನ್ನನ್ನು ಏನಾದರೂ ಕೇಳಿದರೆ ಅತ್ತೆಯ ಕಡೆ ಕೈ ತೋರಿಸುತ್ತಿದ್ದೆ.

ನಮ್ಮಣ್ಣನ ಬಗ್ಗೆ ಇಲ್ಲಿ ಹೇಳಬೇಕು. ನನಗಿದ್ದವನು ಅವನೊಬ್ಬನೇ ಅಣ್ಣ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು. ಮನೆಯಲ್ಲಿ ಮೊದಲು ಪ್ಯಾಂಟು ಹಾಕಿದವನೂ ಅವನೇ. ಯಶವಂತಪುರದ ಆಚೆಯ ಒಂದು ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಜೊತೆಯವರು ತಂಗಿ ಎಲ್ಲಿ ಎಂದು ಕೇಳಿದರೆ ಅವನೂ ಅಪ್ಪನ ಹಾಗೆಯೇ ದ್ರಾಕ್ಷಿ ತೋಟ ಎನ್ನುತ್ತಿದ್ದ. ಅದು ನನಗೆ ಗೊತ್ತಿತ್ತು, ಯಾಕೆಂದರೆ ಹಣ್ಣಿನ ಕಾಲದಲ್ಲಿ ಅವನು ಬುಟ್ಟಿ ತುಂಬ ದ್ರಾಕ್ಷಿ ಕೊಂಡುಹೋಗಿ ಅವರಿಗೆಲ್ಲ ಹಂಚುತ್ತಿದ್ದ.

ಒಂದು ದಿನ ಬೆಳಗಿನ ಪಾಳಿಗೆ ಹೋಗುವವರ ಗುಂಪೊಂದು ಸೈಕಲ್ ತಳ್ಳಿಕೊಂಡು ಸ್ಟೇಷನ್ ಕಡೆಯಿಂದ ಬಂತು. ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಅವರ ನಡುವೆ ಅಣ್ಣ. ನಾನು ಕಟ್ಟು ಎತ್ತಿ ನಿಂತಿದ್ದೆ, ಸೆರಗು ಹಿಂದಕ್ಕೆ ಜಾರಿತ್ತು. ಅವನು ನನ್ನನ್ನು ನೋಡಿದ. ನೋಡಿದ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಅವನ ತುಟಿ ಏನೋ ಹೇಳಲು ತೆರೆಯಿತು. ಆಮೇಲೆ ಪಕ್ಕದವನ ಕಡೆ ತಿರುಗಿ, ಇದ್ದಕ್ಕಿದ್ದಂತೆ ಜೋರಾಗಿ ಏನೋ ಹೇಳಿ ನಕ್ಕ.

ಅಷ್ಟಕ್ಕೇ ಹೋಗಿದ್ದರೂ ಆಗಿತ್ತು. ಗುಂಪಿನಲ್ಲಿದ್ದ ಒಬ್ಬ ಸೈಕಲ್ ನಿಲ್ಲಿಸಿ ನಮ್ಮ ಹತ್ತಿರ ಬಂದ. "ಇದು ಹಸುಗೂ ಆಗುತ್ತಾಮ್ಮ? ನಮ್ಮನೇಲಿ ಒಂದು ಕರು ಹಾಕಿದೆ" ಎಂದು ನನ್ನನ್ನೇ ಕೇಳಿದ. ಒಳ್ಳೆಯ ಹುಡುಗ, ಮರ್ಯಾದೆಯಿಂದಲೇ ಕೇಳಿದ. ಅವನ ಹಿಂದೆ ಅಣ್ಣ ನಮಗೆ ಬೆನ್ನು ಹಾಕಿ, ಸೈಕಲ್ಲಿನ ಚೈನು ಕಳಚಿದೆಯೋ ಎಂಬಂತೆ ಬಗ್ಗಿ ನಿಂತಿದ್ದ. ನಾನು ಅತ್ತೆಯ ಕಡೆ ನೋಡಿದೆ. ಕೈಯೆಲ್ಲ ಸೊಪ್ಪಿನ ರಸ ಮೆತ್ತಿ ಹಸಿರುಗಪ್ಪಾಗಿತ್ತು, ಅದನ್ನು ಸೀರೆಯ ನೆರಿಗೆಯಲ್ಲಿ ಅಡಗಿಸಿಕೊಂಡೆ. ಆ ಗಳಿಗೆಯಲ್ಲಿ ನನಗೆ ಅಣ್ಣನ ಮೇಲೆ ಕೋಪ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಅವನು ತಿರುಗದಿರಲಿ, ನನ್ನನ್ನು ತಂಗಿ ಎನ್ನದಿರಲಿ ಎಂದೇ ನಾನೂ ಬೇಡಿಕೊಳ್ಳುತ್ತಿದ್ದೆ.

ಅತ್ತೆಗೂ ಅವನ ಗುರುತು ಸಿಕ್ಕಿತು. "ಅಲ್ಲಿರೋದು ನಿಮ್ಮ..." ಎಂದು ಬಾಯಿ ತೆಗೆದವರು ನನ್ನ ಮುಖ ನೋಡಿ ನಿಲ್ಲಿಸಿದರು. ಆ ಹುಡುಗನಿಗೆ ಒಂದು ಕಟ್ಟು ಕೊಟ್ಟು, "ಕರು ಆಕಿರೋ ಅಸುಗೆ ಒಳ್ಳೇದು ಕಣಪ್ಪ, ಆಲು ಎಚ್ತದೆ. ಓಗ್ಬಾ" ಎಂದು ಬೇಗ ಕಳಿಸಿಬಿಟ್ಟರು.

ವಾಪಸು ಬರುವಾಗ ಖಾಲಿ ಗಾಡಿಯಲ್ಲಿ ನಾನು ಗೋಣಿ ಮಡಿಸಿ ಕಾಲಡಿಗೆ ಇಟ್ಟುಕೊಂಡು ಕೂತೆ. ಬಹಳ ದೂರ ಬಂದ ಮೇಲೆ ಅತ್ತೆ ಎಲೆಅಡಿಕೆಯ ಚೀಲ ಬಿಚ್ಚುತ್ತಾ, "ಅವ್ನು ನೋಡ್ಲಿಲ್ಲ ಕಣಮ್ಮಣ್ಣಿ. ಕೆಲ್ಸಕ್ಕೆ ಓಗೋ ಗಂಡಸ್ರಿಗೆ ದಾರಿ ಬಿಟ್ರೆ ಇನ್ನೇನ್ ಕಾಣ್ತದೆ" ಎಂದರು.

ನಾನು ಹೂಂ ಎಂದೆ. ಒರಟು ಮಾತಿನ ಆ ಹೆಂಗಸು ನನಗಾಗಿ ಒಂದು ಸುಳ್ಳು ಹುಡುಕಿಕೊಂಡು ಬಂದಿದ್ದರು. ಅದು ತಿಳಿದು ನನಗೆ ಇನ್ನಷ್ಟು ಅಳು ಬಂತು. ಅವರು ಒಂದು ಎಲೆಗೆ ಸುಣ್ಣ ಹಚ್ಚಿ ಮಡಿಸಿ ನನ್ನ ಕೈಗೂ ಕೊಟ್ಟರು. ಅದುವರೆಗೆ ಅವರು ನನಗೆ ಎಲೆ ಮಡಿಸಿ ಕೊಟ್ಟಿರಲಿಲ್ಲ.

ಊರಿನಲ್ಲಿ ಅವಮಾನ ಇನ್ನೂ ಬಾಕಿಯಿತ್ತು. ತಾಯಿ ಜಟಕಾ ಸ್ಟಾಂಡಿನಲ್ಲಿ ಕೂಗಿ ಕೂಗಿ ಸೊಪ್ಪು ಮಾರಿದ್ದನ್ನು ಯಾರೋ ಭಾವನ ಎದುರಿಗೇ ಆಡಿಕೊಂಡರು. ಆ ದಿನ ಭಾವ ತಟ್ಟೆಯ ಮುಂದೆ ಕೂತವರು ಮುದ್ದೆ ಮುರಿಯದೆ ಎದ್ದರು. ನಮ್ಮನೆಯವರು ಹಾಸಿಗೆಯಿಂದೆದ್ದು, ಗೋಡೆ ಹಿಡಿದು ನಡುಮನೆಗೆ ಬಂದರು. ಭಾವನ ಮುಂದೆ ಕೈಮುಗಿದು ನಿಂತರು. ಜ್ವರದಲ್ಲಿ ಕೂದಲು ಉದುರಿ, ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಗಂಡ ಹಾಗೆ ನಿಂತದ್ದನ್ನು ನೋಡಲಾಗದೆ ನಾನು ಅಡುಗೆಮನೆಯ ಒಳಕ್ಕೆ ಸರಿದೆ. ಅಲ್ಲಿಂದಲೇ ಕೇಳಿಸಿತು.

"ಎಲ್ಲಾನೂ ಬುಡ ಸಮೇತ ಕಿತ್ತಾಕ್ತೀನಣ್ಣ."

ಆಮೇಲೆ ಭಾವನ ದನಿ. "ನಿಂತ್ಕೊಳ್ಳಾಕೆ ಆಗಲ್ಲ ನಿಂಗೆ, ಏನ್ ಕೀಳ್ತೀಯ? ಓಗ್ ಮಲ್ಕೋ." ತಟ್ಟೆ ಎಳೆದುಕೊಂಡ ಸದ್ದಾಯಿತು, "ಊಟ ಬಡ್ಸವ್ವಾ" ಎಂದರು.

ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತಗೊಂಡು ಬಂದ. ಬರುವುದಿಲ್ಲವೇನೋ ಅಂದುಕೊಂಡಿದ್ದೆ. ಮೊರದ ಬಾಗಿನ, ಸೀರೆ, ಬಳೆ ಎಲ್ಲ ತಂದಿದ್ದ. ಸೀರೆ ಹೋದ ವರ್ಷದ್ದಕ್ಕಿಂತ ಮೇಲಾದದ್ದು. ಅತ್ತೆ ಅವನಿಗೆ ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿ, ತುಪ್ಪ ಬಿಟ್ಟು, ಎದುರಿಗೇ ಕೂತರು.

"ಎಸ್ವಂತಪುರದ ಮ್ಯಾಲೇ ಅಲ್ವೇನಪ್ಪ ನೀನು ಕೆಲ್ಸಕ್ಕೆ ಓಗೋದು?"

ಅಣ್ಣನ ತುತ್ತು ಅರ್ಧದಲ್ಲೇ ನಿಂತಿತು. ನಾನು ನೀರಿನ ಚೊಂಬು ಹಿಡಿದು ಕಂಬಕ್ಕೆ ಒರಗಿ ನಿಂತೆ.

"ಹೂಂ ಅತ್ತೆ."

"ಧೂಳು ಜಾಸ್ತಿ ಆ ಕಡೆ. ಇನ್ನೊಂದ್ ಆಕ್ಲಾ?" ಎಂದು ಅತ್ತೆ ಒಬ್ಬಟ್ಟಿನ ತಟ್ಟೆ ಎತ್ತಿದರು.

ಹೊರಡುವಾಗ ಅವನನ್ನು ಬೇಲಿಯವರೆಗೆ ಬಿಡಲು ಹೋದೆ. ಸೈಕಲ್ ಹತ್ತದೆ ಬೆಲ್ಲನ್ನು ಹೆಬ್ಬೆರಳಲ್ಲಿ ಉಜ್ಜುತ್ತಾ ನಿಂತ.

"ಅವತ್ತು... ನೀನು ಸೆರಗು ಹೊದ್ಕೊಂಡಿದ್ದೆ. ಗೊತ್ತಾಗ್ಲಿಲ್ಲ ಕಣವ್ವ."

"ಹೂಂ. ಹೊದ್ಕೊಂಡಿದ್ದೆ" ಎಂದೆ.

ಅವನು ತಲೆ ಎತ್ತಲಿಲ್ಲ. ಗೊತ್ತಾಗಲಿಲ್ಲ ಎಂದ ಮೇಲೆ ಅವತ್ತು ಎಂಬ ಮಾತು ಎಲ್ಲಿಂದ ಬಂತು ಎಂದು ಅವನಿಗೂ ಹೊಳೆದಿರಬೇಕು, ಕತ್ತು ಕಿವಿ ಕೆಂಪಾಗಿತ್ತು. "ಬರ್ತೀನಿ" ಎಂದು ಹೊರಟ. ಅವನು ಅತ್ತ ಹೋದ ಮೇಲೆ ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಹೊಸ ಸೀರೆ ಬೇಡವೆನ್ನಿಸಿತ್ತು. ಆದರೂ ಸಂಜೆ ಆರತಿಗೆ ಅದನ್ನೇ ಉಟ್ಟೆ, ಉಡದಿದ್ದರೆ ಯಾಕೆಂದು ಹೇಳಬೇಕಾಗುತ್ತಿತ್ತಲ್ಲ.

ಇವರು ಪೂರ್ತಿ ಗುಣವಾದ ಮೇಲೆ ಗುದ್ದಲಿ ಹಿಡಿದು ತೋಟಕ್ಕೆ ಹೋದರು, ಬಳ್ಳಿ ಕೀಳಲೆಂದೇ. ಭಾವ ಹಿಂದೆಯೇ ಹೋಗಿದ್ದರಂತೆ. ಒಂದು ಬುಡ ಅಗೆದಾಗ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ, ಪುಡಿಯಾದದ್ದನ್ನು ನೋಡಿ, "ಮಣ್ಣು ಮೆತ್ಗಾಗೈತೆ" ಎಂದರಂತೆ. ಚಪ್ಪರದ ಕೆಳಗೆ ಬೇಡ, ಮೇಲಿನ ದಿಣ್ಣೆ ಹೊಲದಲ್ಲಿ ಬಿತ್ತಿ ಕೋಲು ನೆಟ್ಟು ಹಬ್ಬಿಸು ಎಂದು ಅವರೇ ಹೇಳಿದರು. ಆ ದಿಣ್ಣೆಯಲ್ಲಿ ಹುರುಳಿ ಕೂಡ ಸರಿಯಾಗಿ ಬರುತ್ತಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಅದು ನಮ್ಮ ಮೇವಿನ ಹೊಲವಾಯಿತು. ಜಟಕಾದವರು, ಹಾಲಿನವರು ಗಾಡಿ ತಗೊಂಡು ಊರಿಗೇ ಬಂದರು. ಭಾವನ ಮಾನಕ್ಕೆ ಅದರಿಂದ ಕುಂದಾಗಲಿಲ್ಲ. ಅವರು ಜಗಲಿಯ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತು, ಬಂದವರಿಗೆ ಹೊಲ ತೋರಿಸುತ್ತಿದ್ದರು. ನನಗೆ ಮಾತ್ರ ಊರವರು ಸೊಪ್ಪಿನಮ್ಮ ಎಂದು ಹೆಸರಿಟ್ಟರು. ಅದರಲ್ಲಿ ಕುಹಕ ಕಡಿಮೆಯಾಗುತ್ತಾ ಹೋಯಿತು, ಆದರೆ ಹೊಸಬರ ಎದುರಿಗೆ ಯಾರಾದರೂ ಹಾಗೆ ಕರೆದರೆ ನನಗೆ ಮುಖ ಬಿಸಿಯಾಗುವುದು ನಿಲ್ಲಲಿಲ್ಲ. ನನ್ನ ಮಗಳನ್ನು ನೋಡಲು ಗಂಡಿನವರು ಬಂದ ದಿನವೂ ಹಾಗೇ ಆಯಿತು.

ಅಣ್ಣನಿಗೆ ಮದುವೆಯಾಯಿತು, ಮಕ್ಕಳಾದರು. ಬಾಗಲಗುಂಟೆ ಕಡೆ ಮನೆ ಮಾಡಿಕೊಂಡ. ಮಕ್ಕಳ ಹಾಲಿಗೆಂದು ಒಂದು ಹಸು ಕಟ್ಟಿದ. ಒಂದು ಆಷಾಢದಲ್ಲಿ, ಇನ್ನೇನು ಮಳೆ ಬರುವ ಹಾಗೆ ಮೋಡ ಕವಿದಿದ್ದ ಮಧ್ಯಾಹ್ನ, ಸೈಕಲ್ಲಿನಲ್ಲಿ ಬಂದ. ಕಾಫಿ ಕುಡಿದು, ಎಲ್ಲರ ಯೋಗಕ್ಷೇಮ ವಿಚಾರಿಸಿ, ಹೊರಡುವ ಹೊತ್ತಿಗೆ ಕೇಳಿದ. "ಹಸು ಯಾಕೋ ಮೇವು ಮುಟ್ತಿಲ್ಲ ಕಣವ್ವ. ನಿಮ್ಮ ಆ ಸೊಪ್ಪು ಒಂದಷ್ಟು ಇದ್ರೆ..."

ನಾನೇ ದಿಣ್ಣೆಗೆ ಹೋಗಿ ಕೊಯ್ದು ತಂದೆ. ಎಳೆಯದನ್ನೇ ಆರಿಸಿ ದೊಡ್ಡ ಕಟ್ಟು ಕಟ್ಟಿದೆ. ಅವನು ಅದನ್ನು ಕ್ಯಾರಿಯರ್ ಮೇಲಿಟ್ಟು, ಕೊಟ್ಟಿಗೆಯಿಂದ ಒಂದು ಗೋಣಿಚೀಲ ಕೇಳಿ ತೆಗೆದುಕೊಂಡು, ಹೂವು ಒಂದೂ ಕಾಣದ ಹಾಗೆ ಸುತ್ತಲೂ ಹೊದಿಸತೊಡಗಿದ.

"ಯಾಕಣ್ಣ ಮುಚ್ತೀಯ?"

"ಬಿಸಿಲಿಗೆ ಬಾಡುತ್ತಲ್ಲ" ಎಂದ.

ಬಿಸಿಲಿರಲಿಲ್ಲ. ನಾನು ಗೋಣಿಯ ಇನ್ನೊಂದು ತುದಿಯನ್ನು ಹಿಡಿದುಕೊಂಡೆ. ಅವನು ಹಗ್ಗ ಸುತ್ತಿ ಬಿಗಿದ.